ತಲೆಗೆ ಪೌಡರು ಒಲ್ಲದ ಸೇನಾನಿ: ಶ್ರೀರಂಗಪಟ್ಟಣದಲ್ಲಿ ಆರ್ಥರ್ ವೆಲ್ಲೆಸ್ಲಿ

ಗಾಂಧಿನಗರದ ಬಸ್ಸು ಹಿಡಿಯುವ ಬೆಳಗಿನ ಅವಸರದಲ್ಲಿ ತಲೆಗೆ ನೀರೆರೆದುಕೊಳ್ಳಲು ವ್ಯವಧಾನವಿಲ್ಲದವರು ಇಂದು ಡ್ರೈ ಶಾಂಪೂವಿನ ಮೊರೆ ಹೋಗುವುದುಂಟು. ಕೂದಲ ಬುಡಕ್ಕೆ ಪುಡಿ ಉದುರಿಸಿ, ಅದು ಜಿಡ್ಡು ಹೀರಿದ ಬಳಿಕ ಬಾಚಿ ಕೊಡವಿದರಾಯಿತು. ಈ ಉಪಾಯ ಹೊಸದಲ್ಲ. ಇನ್ನೂರು ವರ್ಷಗಳಿಗೂ ಹಿಂದೆ ತಲೆಗೆ ಇಂಥದೇ ಪುಡಿ ಹಚ್ಚುವುದು ಬ್ರಿಟಿಷ್ ಸೇನೆಯಲ್ಲಿ ನಿಯಮವೇ ಆಗಿತ್ತು. ಕನ್ನಡ ನೆಲದಲ್ಲಿದ್ದುಕೊಂಡೇ ಆ ನಿಯಮವನ್ನು ಬದಿಗಿಟ್ಟ ಅಧಿಕಾರಿಯೊಬ್ಬನಿದ್ದ. ಆತ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಮಣಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್.

1769ರಲ್ಲಿ ಐರ್ಲೆಂಡಿನ ಸಿರಿವಂತ ಮನೆತನದಲ್ಲಿ ಜನಿಸಿದ ವೆಲ್ಲೆಸ್ಲಿ, 33ನೇ ರೆಜಿಮೆಂಟಿನೊಡನೆ 1797ರಲ್ಲಿ ಕಲ್ಕತ್ತೆಗೆ ಬಂದಿಳಿದ. ಮರುವರ್ಷ ಆತನ ಅಣ್ಣ ರಿಚರ್ಡ್ ಗವರ್ನರ್ ಜನರಲ್ ಆಗಿ ಬಂದ. ನಾಲ್ಕನೆಯ ಮೈಸೂರು ಯುದ್ಧದಲ್ಲಿ, 1799ರ ಏಪ್ರಿಲ್ 5ರ ರಾತ್ರಿ, ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನಪೇಟೆ ತೋಪಿನಲ್ಲಿ ಟಿಪ್ಪುವಿನ ಸೈನಿಕರು ಆತನ ದಂಡನ್ನು ಹಿಮ್ಮೆಟ್ಟಿಸಿದರು. ಆ ಸೋಲನ್ನು ಆತ ಬಹುಕಾಲ ಮರೆಯಲಿಲ್ಲ. ಮೇ 4ರಂದು ಕೋಟೆ ಬಿದ್ದು ಟಿಪ್ಪು ಹತನಾದ ಮೇಲೆ ಪಟ್ಟಣದ ಆಡಳಿತ ವೆಲ್ಲೆಸ್ಲಿಯ ಕೈಸೇರಿತು. ಟಿಪ್ಪುವಿನ ದರಿಯಾ ದೌಲತ್ ಅರಮನೆ ಆತನ ವಾಸಸ್ಥಾನವಾಯಿತು.

ಆಗಿನ ಯುರೋಪಿನಲ್ಲಿ ಗಣ್ಯರ ತಲೆಗೂದಲಿಗೆ ಮೊದಲು ಪ್ರಾಣಿಕೊಬ್ಬಿನ ಲೇಪ, ಅದರ ಮೇಲೆ ನುಣ್ಣಗೆ ಬೀಸಿದ ಪಿಷ್ಟದ ಬಿಳಿ ಪುಡಿ. ಪಿಷ್ಟ ಜಿಡ್ಡನ್ನು ಹೀರುವುದರಿಂದ ತಲೆ ತೊಳೆಯದೆಯೂ ದಿನಗಳನ್ನು ದೂಡಬಹುದಿತ್ತು. ಈ ಪುಡಿ ಸಿದ್ಧವಾಗುತ್ತಿದ್ದುದು ಹೆಚ್ಚಾಗಿ ಗೋಧಿಯಿಂದ. 1795ರಲ್ಲಿ ಇಂಗ್ಲೆಂಡಿನಲ್ಲಿ ಧಾನ್ಯದ ಅಭಾವವಿದ್ದಾಗಲೇ, ಪುಡಿ ಹಚ್ಚಿಕೊಳ್ಳುವವರು ವರ್ಷಕ್ಕೆ ಒಂದು ಗಿನಿ ತೆರಿಗೆ ಕಟ್ಟಬೇಕೆಂಬ ಕಾನೂನು ಬಂತು. ಅನೇಕರು ಪುಡಿಯನ್ನೇ ತ್ಯಜಿಸಿದರು. ಆದರೆ ಸೇನೆ ತನ್ನ ಪದ್ಧತಿಗೆ ಅಂಟಿಕೊಂಡಿತು.

12ನೇ ರೆಜಿಮೆಂಟಿನ ಅಧಿಕಾರಿಯಾಗಿದ್ದ ಜಾರ್ಜ್ ಎಲರ್ಸ್ ಆ ದಿನಗಳಲ್ಲಿ ವೆಲ್ಲೆಸ್ಲಿಯನ್ನು ಹತ್ತಿರದಿಂದ ಕಂಡವನು. 1903ರಲ್ಲಿ ಅಚ್ಚಾದ ಎಲರ್ಸ್‌ನ ನೆನಪುಗಳ ಪ್ರಕಾರ, ನಿಯಮವಿದ್ದರೂ ವೆಲ್ಲೆಸ್ಲಿ ಪುಡಿ ಹಚ್ಚುತ್ತಿರಲಿಲ್ಲ. ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಿದ್ದ. ಪುಡಿಯು ಬೆವರಿಗೆ ಅಡ್ಡಿಯಾಗಿ ಆರೋಗ್ಯವನ್ನು ಕೆಡಿಸುತ್ತದೆಂಬುದು ಆತನ ದೃಢ ನಂಬಿಕೆಯಾಗಿತ್ತು. ಶಿಸ್ತಿನ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದ ಅಧಿಕಾರಿ ಈ ಒಂದು ನಿಯಮವನ್ನು ಮಾತ್ರ ತಾನೇ ಮುರಿದಿದ್ದ.

ಬಿಸಿಲ ನಾಡಿನಲ್ಲಿ ದೇಹಸ್ಥಿತಿ ಅಲಕ್ಷಿಸುವಂಥ ಸಂಗತಿಯಾಗಿರಲಿಲ್ಲ. 1800ರಲ್ಲಿ ಚನ್ನಗಿರಿ ಮೂಲದ ಧೋಂಡಿಯ ವಾಘನನ್ನು ತಿಂಗಳುಗಟ್ಟಲೆ ಬೆನ್ನಟ್ಟಿದ ವೆಲ್ಲೆಸ್ಲಿ, ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಆತನನ್ನು ಸೋಲಿಸಿದ. ಧೋಂಡಿಯ ಆ ಕಾಳಗದಲ್ಲಿ ಮಡಿದ. ಅನಾಥನಾದ ಅವನ ಎಳೆಯ ಮಗ ಸಲಾಬತ್ ಖಾನನ ಪಾಲನೆಗೆ ವೆಲ್ಲೆಸ್ಲಿಯೇ ಏರ್ಪಾಡು ಮಾಡಿದ. 1801ರಲ್ಲಿ ಈಜಿಪ್ಟಿನ ದಂಡಯಾತ್ರೆಗೆ ಹೊರಟಾಗ ಬೊಂಬಾಯಿಯಲ್ಲಿ ಜ್ವರ ಹಿಡಿಯಿತು, ಮೈಯೆಲ್ಲ ಕಜ್ಜಿಯಾಯಿತು. ನೈಟ್ರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಸ್ನಾನ ಮಾಡಿಸುವುದು ಅಂದಿನ ಚಿಕಿತ್ಸೆ. ಹೀಗಾಗಿ ಹಡಗು ತಪ್ಪಿತು. ಆತ ಏರಬೇಕಿದ್ದ ಆ ಹಡಗು ಕೆಂಪು ಸಮುದ್ರದಲ್ಲಿ ಮುಳುಗಿತು. ವ್ಯಾಧಿಯೇ ಪ್ರಾಣ ಉಳಿಸಿತ್ತು. ಗುಣಮುಖನಾದ ವೆಲ್ಲೆಸ್ಲಿ ಶ್ರೀರಂಗಪಟ್ಟಣಕ್ಕೆ ಮರಳಿದ.

1803ರಲ್ಲಿ ಹರಿಹರದಿಂದ ಸೇನೆಯೊಡನೆ ಉತ್ತರಕ್ಕೆ ನಡೆದು ಅಸ್ಸಾಯೆಯಲ್ಲಿ ಮರಾಠರ ವಿರುದ್ಧ ಗೆದ್ದ ಆತ, 1805ರಲ್ಲಿ ಭಾರತವನ್ನು ಬಿಟ್ಟ. ಮೂರು ವರ್ಷಗಳ ಬಳಿಕ, 1808ರಲ್ಲಿ, ಬ್ರಿಟಿಷ್ ಸೈನಿಕರ ಜಡೆ ಕತ್ತರಿಸುವಂತೆ ಆಜ್ಞೆಯಾಯಿತು; ಪುಡಿಯ ಕಾಲವೂ ಕಳೆಯಿತು. ವೆಲ್ಲೆಸ್ಲಿ ಆ ಹೊತ್ತಿಗಾಗಲೇ ಹಲವು ವರ್ಷಗಳಿಂದ ಗಿಡ್ಡಗೂದಲಿನಲ್ಲಿದ್ದ. 1815ರ ವಾಟರ್ಲೂ ವಿಜಯ, 1828ರಲ್ಲಿ ಪ್ರಧಾನಿ ಪದವಿ, 1852ರ ಸೆಪ್ಟೆಂಬರ್ 14ರಂದು ಮರಣ: ಇದು ಉಳಿದ ಬಾಳಿನ ಸಾರ. ಕನ್ನಡ ನಾಡು ಆತನನ್ನು ನೆನೆಯುವುದು ಗೆದ್ದು ಆಳಿದ ಪರಕೀಯ ಸೇನಾನಿಯಾಗಿ. ಬೆಂಗಳೂರಿನ ರಿಚ್ಮಂಡ್ ಟೌನಿನ ವೆಲ್ಲಿಂಗ್ಟನ್ ಬೀದಿಗೆ ಆತನದೇ ಹೆಸರು.

ಪುಡಿಯ ಬಗೆಗಿನ ಆತನ ಅನುಮಾನ ಮಾತ್ರ ಇಂದಿಗೂ ಪೂರ್ತಿ ಹಳತಾಗಿಲ್ಲ. ಪಿಷ್ಟ ಜಿಡ್ಡನ್ನು ಹೀರುತ್ತದೆಯೇ ಹೊರತು ಬೆವರು, ಧೂಳುಗಳನ್ನು ತೊಳೆಯುವುದಿಲ್ಲ. ದಿನವೂ ಹಚ್ಚಿ ತಲೆ ತೊಳೆಯದೆ ಬಿಟ್ಟರೆ ಬುಡದಲ್ಲಿ ಶೇಖರಗೊಂಡು ತುರಿಕೆಗೆ ಎಡೆಮಾಡಬಹುದು. ಸೀಗೆಕಾಯಿಯದೂ ಪುಡಿಯೇ, ಆದರೆ ಅದು ನೀರಿನೊಡನೆ ನೊರೆಗಟ್ಟಿ ಕೊಳೆಯನ್ನು ತೆಗೆದುಕೊಂಡೇ ಹೋಗುತ್ತದೆ. ಒಂದೆರಡು ದಿನದ ಅವಸರಕ್ಕೆ ಡ್ರೈ ಶಾಂಪೂ ಸಾಕು. ಅನಂತರ ತಲೆಗೆ ನೀರು ಬೀಳಲೇಬೇಕು.