ಶಾಂತಾ ಹುಬಳೀಕರ: ಹಲವು ನುಡಿಗಳ ಅಭಿನೇತ್ರಿ

ಪುಣೆಯ ಲಾ ಕಾಲೇಜು ರಸ್ತೆಯಲ್ಲಿ ಈಗ ಚಲನಚಿತ್ರ ಶಿಕ್ಷಣಸಂಸ್ಥೆಯಿರುವ ಆವರಣವು ಹಿಂದೆ ಪ್ರಭಾತ ಫಿಲ್ಮ್ ಕಂಪನಿಯ ಸ್ಟುಡಿಯೋ ಆಗಿದ್ದಿತು. ಅದರ ಕೀರ್ತಿಯನ್ನು ಬೆಳಗಿಸಿದವರಲ್ಲಿ ನಮ್ಮ ಹುಬ್ಬಳ್ಳಿಯ ಕಡೆಯ ಹೆಣ್ಣುಮಗಳೊಬ್ಬಳೂ ಇದ್ದಳೆಂಬುದನ್ನು ನಮ್ಮ ಬಂಧುಗಳಲ್ಲಿ ಎಷ್ಟು ಮಂದಿ ಬಲ್ಲರು?

ಶಾಂತಾ ಹುಬಳೀಕರರು 1914ರಲ್ಲಿ ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ ಜನಿಸಿದರು. ಹುಟ್ಟಿದಾಗಿನ ಹೆಸರು ರಾಜಮ್ಮ. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಪರರ ಆಶ್ರಯದಲ್ಲಿ ಬೆಳೆದ ಆಕೆಗಿದ್ದ ಆಸ್ತಿಯೆಂದರೆ ಇಂಪಾದ ಕಂಠವೊಂದೇ. ಸಂಗೀತವನ್ನು ಕಲಿತು, ಕನ್ನಡ ರಂಗಭೂಮಿಯನ್ನೇರಿ, ಬಳಿಕ ಕೊಲ್ಲಾಪುರದ ಚಿತ್ರರಂಗವನ್ನು ಹೊಕ್ಕು, ಅಲ್ಲಿಂದ ಪುಣೆಗೆ ಬಂದರು. ತಾಯ್ನುಡಿಯಲ್ಲದ ಮರಾಠಿಯನ್ನು ಸತತ ಅಭ್ಯಾಸದಿಂದ ತಮ್ಮದಾಗಿಸಿಕೊಂಡರು.

1938ರ 'ಮಾಝಾ ಮುಲಗಾ' ಚಿತ್ರದ ನಂತರ, 1939ರಲ್ಲಿ ವ್ಹಿ. ಶಾಂತಾರಾಮರು ನಿರ್ದೇಶಿಸಿದ 'ಮಾಣೂಸ' ಚಿತ್ರವು ಆಕೆಯನ್ನು ಅಮರಳನ್ನಾಗಿಸಿತು. ಪೋಲೀಸು ಪೇದೆಯೊಬ್ಬನು ವೇಶ್ಯೆಯಾದ ಮೈನಾಳನ್ನು ಪ್ರೀತಿಸುವ ಕಥೆಯದು. ಮೈನಾಳ ಚೆಲ್ಲಾಟ, ಒಳಗಿನ ವೇದನೆ, ಸಜ್ಜನರ ಮನೆಯ ಹೊಸ್ತಿಲಲ್ಲಿ ತಾನು ಅಯೋಗ್ಯಳೆಂಬ ಸಂಕೋಚ, ಇವೆಲ್ಲವನ್ನೂ ಒಂದೇ ಪಾತ್ರದಲ್ಲಿ ಮೂಡಿಸಿದರು. ಬೇರೆಬೇರೆ ಪ್ರಾಂತಗಳ ಗಿರಾಕಿಗಳನ್ನು ರಂಜಿಸಲು ಹಲವು ಭಾಷೆಗಳಲ್ಲಿ ಹಾಡುವ ದೃಶ್ಯವಂತೂ ಪ್ರಸಿದ್ಧವಾಯಿತು. ಇದೇ ಕಥೆಯ ಹಿಂದಿ ಚಿತ್ರವಾದ 'ಆದ್ಮಿ'ಯಲ್ಲಿಯೂ ಆಕೆಯೇ ನಾಯಿಕೆ. 1942ರಲ್ಲಿ ಗುಬ್ಬಿ ವೀರಣ್ಣನವರ 'ಜೀವನ ನಾಟಕ'ದಲ್ಲಿ ಅಭಿನಯಿಸಿ, ತಾಯ್ನುಡಿಯ ಋಣವನ್ನೂ ಸಲ್ಲಿಸಿದರು.

ಪುಣೆಯ ಗೃಹಸ್ಥರೊಬ್ಬರನ್ನು ವಿವಾಹವಾದ ಬಳಿಕ ಕ್ರಮೇಣ ಚಿತ್ರಗಳು ಕಡಿಮೆಯಾದುವು, ಜನರು ಮರೆತರು. ಒಂದು ಕಾಲದಲ್ಲಿ ಸಹಸ್ರಾರು ಪ್ರೇಕ್ಷಕರು ಮೆಚ್ಚಿದ ಕಲಾವಿದೆಯು ಮುಪ್ಪಿನಲ್ಲಿ ವೃದ್ಧಾಶ್ರಮದಲ್ಲಿ ದಿನ ಕಳೆಯಬೇಕಾಯಿತು. ಆದರೂ ಎದೆಗುಂದದೆ ತಮ್ಮ ಜೀವನಕಥೆಯನ್ನು ಮರಾಠಿಯಲ್ಲಿ ಬರೆದರು. 'ಮಾಣೂಸ' ಚಿತ್ರದ ಆ ಪ್ರಸಿದ್ಧ ಹಾಡಿನಿಂದಲೇ ಅದರ ಹೆಸರನ್ನು ಆರಿಸಿಕೊಂಡರು: 'ಕಶಾಲಾ ಉದ್ಯಾಚೀ ಬಾತ', ಎಂದರೆ ನಾಳೆಯ ಮಾತೇಕೆ ಎಂದು. 1992ರ ಜುಲೈ 17ರಂದು ಪುಣೆಯಲ್ಲಿಯೇ ನಿಧನರಾದರು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವೂ ಹಗಲೆಲ್ಲ ಪರನುಡಿಯಲ್ಲಿ ಗಿರಾಕಿಗಳನ್ನು ಉಪಚರಿಸಿ, ಪರನುಡಿಯಲ್ಲಿ ಲೆಕ್ಕ ಬರೆಯುವವರೇ. ಪರನುಡಿಯನ್ನು ಚೆನ್ನಾಗಿ ಕಲಿಯುವುದರಿಂದ ತನ್ನತನವು ಅಳಿಯದೆಂಬುದಕ್ಕೆ ಆಕೆಯೇ ಸಾಕ್ಷಿ. ಮಹಾರಾಷ್ಟ್ರವು ಆಕೆಯನ್ನು ಕರೆದುದು ನಮ್ಮ ಊರಿನ ಹೆಸರಿನಿಂದಲೇ ಅಲ್ಲವೆ? ಆ ಹೆಸರನ್ನು ಆಕೆ ಕೊನೆಯವರೆಗೂ ಹೊತ್ತರು. ಆಕೆಯ ಹೆಸರನ್ನು ನಾವು ಮರೆಯದಿರೋಣ.