ಹುಟ್ಟು ಹಾಕದ ಒಂಬತ್ತನೆಯವನು: ಬಾಬ್ ಮಾಕ್

ಎಂಟು ಜನ ಹುಟ್ಟು ಹಾಕುವ ಸ್ಪರ್ಧಾ ದೋಣಿಯಲ್ಲಿ ಒಂಬತ್ತು ಜನ ಇರುತ್ತಾರೆ. ಎಂಟು ಜನರೂ ದೋಣಿ ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕೂರುವುದರಿಂದ ಮುಂದೇನಿದೆ ಎಂಬುದು ಅವರಿಗೆ ಕಾಣುವುದಿಲ್ಲ. ದೋಣಿಯ ಹಿಂತುದಿಯಲ್ಲಿ ಅವರಿಗೆ ಎದುರಾಗಿ ಕೂರುವ ಒಂಬತ್ತನೆಯವನಿಗೆ ಮಾತ್ರ ದಾರಿ ಕಾಣುತ್ತದೆ. ಇವನೇ ಕಾಕ್ಸನ್. ಚುಕ್ಕಾಣಿ ಹಿಡಿಯುವುದು, ನಿಮಿಷಕ್ಕೆ ಎಷ್ಟು ಸಲ ಹುಟ್ಟು ಎಳೆಯಬೇಕೆಂದು ಹೇಳುವುದು, ಶಕ್ತಿಯನ್ನು ಯಾವಾಗ ಉಳಿಸಬೇಕು, ಯಾವಾಗ ಖರ್ಚು ಮಾಡಬೇಕು ಎಂದು ತೀರ್ಮಾನಿಸುವುದು ಇವನ ಕೆಲಸ. ಇವನ ತೂಕವನ್ನು ಉಳಿದ ಎಂಟು ಜನ ಎಳೆಯಬೇಕಾದ್ದರಿಂದ ಹಗುರ ಮೈಯವರನ್ನೇ ಈ ಜಾಗಕ್ಕೆ ಆರಿಸುತ್ತಾರೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕದ ದೋಣಿಯಲ್ಲಿ ಆ ಜಾಗದಲ್ಲಿ ಕುಳಿತವನು ಬಾಬ್ ಮಾಕ್.

ರಾಬರ್ಟ್ ಗ್ಯಾಸ್ಟನ್ ಮಾಕ್ ಹುಟ್ಟಿದ್ದು 1914ರ ಜೂನ್ 20ರಂದು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಮಾಂಟೆಸಾನೊ ಎಂಬ ಸಣ್ಣ ಊರಿನಲ್ಲಿ. ತಂದೆ ಗ್ಯಾಸ್ಟನ್ ಮಾಕ್ ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದವರು. ಗಡಿಯಾರ ಮತ್ತು ಒಡವೆಗಳ ಅಂಗಡಿ ನಡೆಸುತ್ತಿದ್ದರು. ಚಿಕ್ಕಂದಿನಲ್ಲಿ ಮಗನಿಗೆ ಅಪೆಂಡಿಕ್ಸ್ ತೊಂದರೆಯಾಯಿತು. ಶಸ್ತ್ರಚಿಕಿತ್ಸೆ ಕೆಟ್ಟು ಜೀವವೇ ಹೋಗುವಂತಾಗಿ, ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಮೈ ಬೆಳೆಯಲಿಲ್ಲ, ಉಬ್ಬಸ ಜೊತೆಗೂಡಿತು. ಆದರೂ ಆಟದ ಆಸೆ ಬಿಡಲಿಲ್ಲ, ಓದಿನಲ್ಲಂತೂ ಸದಾ ಮುಂದಿದ್ದ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವನ ತೂಕ ಸುಮಾರು 54 ಕಿಲೊ. ಬೇರೆ ಆಟಗಳಲ್ಲಿ ಕೊರತೆಯಾಗಿದ್ದ ಮೈಕಟ್ಟು ದೋಣಿಯ ಹಿಂತುದಿಯ ಆಸನಕ್ಕೆ ಸರಿಯಾಗಿ ಹೊಂದಿತು.

ಅಲ್ಲಿನ ತರಬೇತುದಾರ ಅಲ್ ಅಲ್ಬ್ರಿಕ್ಸನ್. ದೋಣಿ ಕಟ್ಟುವವನು ಜಾರ್ಜ್ ಪೊಕಾಕ್ ಎಂಬ ಕುಶಲಕರ್ಮಿ. ಮಾಕ್‌ನ ದೋಣಿಯಲ್ಲಿದ್ದ ಹುಡುಗರಲ್ಲಿ ಹೆಚ್ಚಿನವರು ಸಾಮಾನ್ಯ ಕುಟುಂಬದವರು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ರಜೆಯಲ್ಲಿ ದುಡಿದು ಶುಲ್ಕ ಕಟ್ಟುತ್ತಿದ್ದವರೂ ಅವರಲ್ಲಿದ್ದರು. ಮಾಕ್‌ಗೆ ನೇರ ಎದುರಿನ ಆಸನದಲ್ಲಿ ಡಾನ್ ಹ್ಯೂಮ್ ಕೂರುತ್ತಿದ್ದ. ಈ ಆಸನದವನಿಗೆ ಸ್ಟ್ರೋಕ್ ಎಂದು ಹೆಸರು. ಹಿಂದಿನ ಏಳು ಜನ ಅವನ ಲಯವನ್ನೇ ಅನುಸರಿಸಬೇಕು. ಹ್ಯೂಮ್‌ನ ಹಿಂದೆ, ಏಳನೇ ಆಸನದಲ್ಲಿ ಜೋ ರ್‍ಯಾಂಟ್ಸ್ ಇದ್ದ.

1936ರ ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ, ಹಡ್ಸನ್ ನದಿಯ ಮೇಲೆ ಅಂತರ ವಿಶ್ವವಿದ್ಯಾಲಯ ಸ್ಪರ್ಧೆ ನಡೆಯಿತು. ದೂರ 4 ಮೈಲಿ, ಅಂದರೆ ಸುಮಾರು 6.4 ಕಿಲೊಮೀಟರ್. ಆರಂಭದಲ್ಲಿ ನಿಧಾನವಾಗಿ ಹೋಗಬೇಕೆಂಬುದು ಮೊದಲೇ ಆಗಿದ್ದ ಮಾತು. ಆದರೆ ಮಾಕ್ ಎಲ್ಲರ ನಿರೀಕ್ಷೆಗಿಂತ ಹೆಚ್ಚು ಹೊತ್ತು ತನ್ನವರನ್ನು ತಡೆದು ಹಿಡಿದ. ಉಳಿದ ದೋಣಿಗಳು ಬಹಳ ಮುಂದೆ ಹೋದವು. ದಡದಲ್ಲಿದ್ದವರು ವಾಷಿಂಗ್ಟನ್ ಸೋತಿತೆಂದೇ ತಿಳಿದರು. ಕೊನೆಯ ಮೈಲಿ ಬಂದಾಗ ಮಾಕ್ ವೇಗ ಹೆಚ್ಚಿಸಲು ಹೇಳಿದ. ತನ್ನ ಎದುರಿನ ಮುಖಗಳಲ್ಲಿ ಇನ್ನೂ ಶಕ್ತಿ ಉಳಿದಿರುವುದು ಅವನಿಗೆ ಕಾಣುತ್ತಿತ್ತು. ಒಂದೊಂದೇ ದೋಣಿಯನ್ನು ಹಿಂದೆ ಹಾಕಿ ಕೊನೆಗೆ ಕ್ಯಾಲಿಫೋರ್ನಿಯಾದ ದೋಣಿಯನ್ನೂ ದಾಟಿ ಅವರು ಗೆದ್ದರು.

ಜುಲೈ ಆರಂಭದಲ್ಲಿ ಪ್ರಿನ್ಸ್‌ಟನ್‌ನಲ್ಲಿ ನಡೆದ ಒಲಿಂಪಿಕ್ ಆಯ್ಕೆ ಸ್ಪರ್ಧೆಯಲ್ಲೂ ಗೆಲುವು ಅವರದೇ. ಆದರೆ ಬರ್ಲಿನ್‌ಗೆ ಕಳಿಸಲು ಹಣವಿಲ್ಲ, 5,000 ಡಾಲರ್ ಹೊಂದಿಸದಿದ್ದರೆ ಬೇರೆ ತಂಡ ಹೋಗುತ್ತದೆ ಎಂಬ ಸುದ್ದಿ ಬಂತು. ಸಿಯಾಟಲ್‌ನ ಪತ್ರಿಕೆಗಳು, ವ್ಯಾಪಾರಿಗಳು, ಸಾಮಾನ್ಯ ಜನರು ಸೇರಿ ಕೆಲವೇ ದಿನಗಳಲ್ಲಿ ಆ ಹಣ ಕೂಡಿಸಿದರು.

ಹೊರಡುವ ಮೊದಲು ಮಾಕ್ ಯುರೋಪಿನಲ್ಲಿರುವ ಬಂಧುಗಳ ವಿಳಾಸ ಕೇಳಿ ತಂದೆಗೆ ಪತ್ರ ಬರೆದಿದ್ದ. ಉತ್ತರದ ಜೊತೆ ಇನ್ನೊಂದು ಲಕೋಟೆ ಬಂತು. ಅದನ್ನು ಒಬ್ಬನೇ ಇದ್ದಾಗ ಓದಬೇಕೆಂಬ ಸೂಚನೆಯಿತ್ತು. ಒಂದು ಮರದ ಕೆಳಗೆ ಕುಳಿತು ಒಡೆದು ನೋಡಿದಾಗ ಅವನಿಗೆ ಮೊದಲ ಬಾರಿಗೆ ತಿಳಿದ ವಿಷಯ, ತಮ್ಮ ಕುಟುಂಬ ಯಹೂದಿ ಮೂಲದ್ದು ಎಂಬುದು. ಯಹೂದಿಗಳ ಪೌರತ್ವವನ್ನೇ ಕಿತ್ತುಕೊಳ್ಳುವ ಕಾನೂನು ಜರ್ಮನಿಯಲ್ಲಿ ಅದರ ಹಿಂದಿನ ವರ್ಷವಷ್ಟೇ ಬಂದಿತ್ತು. ಈ ಸತ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೇ 22 ವರ್ಷದ ಮಾಕ್ ಹಡಗು ಹತ್ತಿದ.

ಜರ್ಮನಿಯಲ್ಲಿ ಇನ್ನೊಂದು ಕಷ್ಟ ಕಾದಿತ್ತು. ಡಾನ್ ಹ್ಯೂಮ್‌ಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಹಿಡಿಯಿತು. ತೂಕ ಇಳಿಯಿತು, ಅಭ್ಯಾಸಕ್ಕೆ ಬರಲಾಗದೆ ಮಲಗಿದ. ಆಗಸ್ಟ್ 12ರಂದು ಗ್ರೂನಾವ್ ಎಂಬಲ್ಲಿ ಮೊದಲ ಸುತ್ತು. ಹಾಸಿಗೆಯಿಂದೆದ್ದು ಬಂದ ಹ್ಯೂಮ್ ಹುಟ್ಟು ಎಳೆದ. ತಂಡ ಬ್ರಿಟನ್ನನ್ನು ಹಿಂದೆ ಹಾಕಿ 6 ನಿಮಿಷ 0.8 ಸೆಕೆಂಡಿನಲ್ಲಿ ಗುರಿ ಮುಟ್ಟಿ ನೇರವಾಗಿ ಅಂತಿಮ ಸುತ್ತಿಗೆ ಹೋಯಿತು. ಗುರಿ ದಾಟಿದ ಕೂಡಲೆ ಹ್ಯೂಮ್ ಕುಸಿದ.

ಎರಡು ದಿನಗಳ ನಂತರ ಅಂತಿಮ ಸ್ಪರ್ಧೆ. ಹ್ಯೂಮ್ ಇನ್ನೂ ಹಾಸಿಗೆಯಲ್ಲಿದ್ದ. ಅವನ ಬದಲಿಗೆ ಮೀಸಲು ಆಟಗಾರ ಡಾನ್ ಕಾಯ್ ಕೂರುತ್ತಾನೆಂದು ಅಲ್ಬ್ರಿಕ್ಸನ್ ತಿಳಿಸಿದರು. ತಂಡದವರು ಒಪ್ಪಲಿಲ್ಲ. ಹ್ಯೂಮ್‌ನ ಲಯವಿಲ್ಲದೆ ತಮ್ಮ ದೋಣಿ ಸಾಗದೆಂದೂ, ಅವನನ್ನು ಕೂರಿಸಿದರೆ ಸಾಕು, ಉಳಿದ ಭಾರ ತಾವು ಹೊರುತ್ತೇವೆಂದೂ ಬೇಡಿಕೊಂಡರು. ಕೊನೆಗೆ ತರಬೇತುದಾರರು ಮಣಿದರು.

ಅಮೆರಿಕಕ್ಕೆ ಸಿಕ್ಕಿದ್ದು ಆರನೇ ಪಥ. ಗಾಳಿಯ ಹೊಡೆತ ಅತಿ ಹೆಚ್ಚು ಬೀಳುವ ಜಾಗ. ಮರೆಯಿದ್ದ ಒಂದು ಮತ್ತು ಎರಡನೇ ಪಥಗಳು ಜರ್ಮನಿ ಮತ್ತು ಇಟಲಿಗೆ ಹೋಗಿದ್ದವು. ಆರಂಭದ ಕೂಗು ಗಾಳಿಯಲ್ಲಿ ಕೇಳಿಸದೆ ಅಮೆರಿಕದ ದೋಣಿ ತಡವಾಗಿ ಹೊರಟಿತು. ಅರ್ಧ ದೂರದ ಹೊತ್ತಿಗೆ ಅದು ಬಹಳ ಹಿಂದಿತ್ತು. ವೇಗ ಹೆಚ್ಚಿಸಲು ಮಾಕ್ ಹ್ಯೂಮ್‌ಗೆ ಹೇಳಿದ; ಏನೂ ಆಗಲಿಲ್ಲ. ಹ್ಯೂಮ್‌ನ ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು, ಕೈಗಳು ಮಾತ್ರ ಹಳೆಯ ಲಯದಲ್ಲೇ ಆಡುತ್ತಿದ್ದವು. ಇಡೀ ಕೆರೆಯಲ್ಲಿ ಆ ಮುಖವನ್ನು ಕಾಣಬಲ್ಲವನು ಮಾಕ್ ಒಬ್ಬನೇ. ಮತ್ತೆ ಮತ್ತೆ ಕೂಗುವುದರಿಂದ ಪ್ರಯೋಜನವಿಲ್ಲವೆಂದು ಅವನಿಗೆ ಅರ್ಥವಾಯಿತು. ಲಯ ಹಿಡಿಯುವ ಹೊಣೆಯನ್ನು ಏಳನೇ ಆಸನದ ರ್‍ಯಾಂಟ್ಸ್‌ಗೆ ಒಪ್ಪಿಸಲು ಅವನು ಸಿದ್ಧನಾದ. ಸ್ಪರ್ಧೆಯ ನಡುವೆ ಹೀಗೆ ಬದಲಿಸಿದರೆ ಎಂಟು ಹುಟ್ಟುಗಳ ಹೊಂದಿಕೆ ತಪ್ಪಬಹುದೆಂದು ತಿಳಿದೂ ಮಾಡಿದ ತೀರ್ಮಾನವದು. ಅಷ್ಟರಲ್ಲಿ ಹ್ಯೂಮ್ ಕಣ್ಣು ತೆರೆದ. ಮಾಕ್ ವೇಗ ಹೇಳಿದ, ಹ್ಯೂಮ್ ಏರಿಸಿದ, ಏಳು ಜನ ಹಿಂಬಾಲಿಸಿದರು.

ಕೊನೆಯಲ್ಲಿ ಹಿಟ್ಲರನೂ ಸೇರಿದಂತೆ ಸಾವಿರಾರು ಜರ್ಮನ್ ಪ್ರೇಕ್ಷಕರ ಗದ್ದಲದಲ್ಲಿ ಮಾಕ್‌ನ ದನಿ ದೋಣಿಯವರಿಗೇ ಕೇಳಿಸದಾಯಿತು. ಚುಕ್ಕಾಣಿ ಹಗ್ಗದ ಮರದ ಹಿಡಿಗಳನ್ನು ದೋಣಿಯ ಪಕ್ಕಕ್ಕೆ ಬಡಿಯತೊಡಗಿದ. ಕಿವಿಗೆ ಕೇಳದ ಲಯ ಮರದ ಮೂಲಕ ಮೈಗೆ ತಿಳಿಯಿತು. ಅಮೆರಿಕ 6 ನಿಮಿಷ 25.4 ಸೆಕೆಂಡಿನಲ್ಲಿ ಗುರಿ ಮುಟ್ಟಿತು. ಇಟಲಿ 6:26.0, ಜರ್ಮನಿ 6:26.4. ದೂರ 2,000 ಮೀಟರ್. ಸರಾಸರಿ ವೇಗ ಸೆಕೆಂಡಿಗೆ ಸುಮಾರು 5.2 ಮೀಟರ್. ಈ ಲೆಕ್ಕದಲ್ಲಿ ಚಿನ್ನಕ್ಕೂ ಬೆಳ್ಳಿಗೂ ಇದ್ದ ಅಂತರ ಸುಮಾರು 3 ಮೀಟರ್. ದೋಣಿಯ ಉದ್ದವೇ ಸುಮಾರು 19 ಮೀಟರ್.

ಮುಂದೆ ಮಾಕ್ ಅವರು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ದೋಣಿ ತಂಡದ ತರಬೇತುದಾರರಾದರು. ಅದೇ ಕಾಲದಲ್ಲಿ ಹಾರ್ವರ್ಡ್‌ನಲ್ಲಿ ಕಾನೂನು ಓದಿದರು. ನಂತರ ಸಿಯಾಟಲ್‌ಗೆ ಮರಳಿ ವಕೀಲರಾಗಿ ಹೆಸರು ಮಾಡಿದರು. ಹಳೆಯ ತಂಡದವರು ಹತ್ತು ವರ್ಷಕ್ಕೊಮ್ಮೆ ಸೇರಿ ದೋಣಿ ನಡೆಸುತ್ತಿದ್ದರು. ಹ್ಯೂಮ್ 2001ರಲ್ಲಿ, ಮಾಕ್ 2005ರ ಜನವರಿಯಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಬರ್ಲಿನ್‌ನಲ್ಲಿ ಗೆದ್ದ ದೋಣಿ ಈಗಲೂ ವಾಷಿಂಗ್ಟನ್ ವಿಶ್ವವಿದ್ಯಾಲಯದ ದೋಣಿಮನೆಯಲ್ಲಿ ತೂಗುತ್ತಿದೆ.

ಈ ಜೀವನವನ್ನು ತರಗತಿಯಲ್ಲಿ ಹೇಳುವಾಗ ನಾವು, ಶಿಕ್ಷಕ ವಿದ್ಯಾರ್ಥಿಗಳು, ಒಂದು ಎಚ್ಚರ ವಹಿಸಬೇಕೆನಿಸುತ್ತದೆ. ಮನಸ್ಸು ಮಾಡಿದರೆ ಕಾಯಿಲೆಯನ್ನೂ ಗೆಲ್ಲಬಹುದು ಎಂಬ ನೀತಿ ಇಲ್ಲಿ ಸುಲಭವಾಗಿ ಬಾಯಿಗೆ ಬರುತ್ತದೆ. ಜ್ವರವಿದ್ದೂ ಹಾಜರಾತಿಗೆ ಹೆದರಿ ಶಾಲೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತ ಮಗುವಿಗೆ ಆ ನೀತಿ ಒಳ್ಳೆಯದನ್ನು ಮಾಡುವುದಿಲ್ಲ. ಹ್ಯೂಮ್‌ನನ್ನು ಕೂರಿಸಿದ್ದು ಅಪಾಯದ ಕೆಲಸವೇ ಆಗಿತ್ತು. ಪದಕ ಬಂದ ಮಾತ್ರಕ್ಕೆ ಆ ತೀರ್ಮಾನ ಸರಿಯಾಗಿತ್ತೆಂದು ಸಾಧಿಸಿದಂತಾಗುವುದಿಲ್ಲ. ಬೇಡವೆಂದ ತರಬೇತುದಾರರ ಮಾತಿನಲ್ಲಿಯೂ ನ್ಯಾಯವಿತ್ತು. ಇದನ್ನು ಮಕ್ಕಳ ಮುಂದೆ ಚರ್ಚೆಗೇ ಬಿಡಬಹುದು.

ನಮಗೆ ಹತ್ತಿರವಾದದ್ದು ಮಾಕ್ ಮಾಡಿದ ಕೆಲಸ. ಪಾಠಯೋಜನೆ ಬರೆದುಕೊಂಡು ತರಗತಿಗೆ ಹೋದ ನಾವು, ಮಕ್ಕಳ ಮುಖ ಬೇರೆಯೇ ಹೇಳುತ್ತಿದ್ದರೂ ಬರೆದದ್ದನ್ನು ಮುಗಿಸುವ ಆತುರದಲ್ಲಿರುತ್ತೇವೆ. ಉತ್ತರ ಬಾರದಿದ್ದರೆ ಅದೇ ಪ್ರಶ್ನೆಯನ್ನು ಇನ್ನಷ್ಟು ಜೋರಾಗಿ ಕೇಳುತ್ತೇವೆ. ಮಾಕ್ ದನಿ ಏರಿಸುವುದನ್ನು ನಿಲ್ಲಿಸಿ ಎದುರಿನ ಮುಖ ನೋಡಿದ, ಯೋಜನೆ ಬದಲಿಸಲು ಸಿದ್ಧನಾದ, ಹ್ಯೂಮ್ ಕಣ್ಣು ತೆರೆದಾಗ ಅವನಿಗೇ ಅವಕಾಶ ಕೊಟ್ಟ. ದನಿ ತಲುಪದಿದ್ದಾಗ ಮರ ಬಡಿದು ತಲುಪಿಸಿದ. ಇಷ್ಟೂ ಹೊತ್ತು ಅವನು ಒಂದು ಸಲವೂ ಹುಟ್ಟು ಹಾಕಲಿಲ್ಲ.