ಶಿಷ್ಯಸಂಪತ್ತಿನ ವಿಜ್ಞಾನಿ: ಸರ್ ಸಿ.ವಿ. ರಾಮನ್

ಗುರುವಿನ ಹಿರಿಮೆಯನ್ನು ಶಿಷ್ಯರ ಸಾಧನೆಯಿಂದ ಅಳೆಯುವುದು ನಮ್ಮ ನಾಡಿನ ರೂಢಿ. ಆ ಅಳತೆಯಲ್ಲಿ ಚಂದ್ರಶೇಖರ ವೆಂಕಟರಾಮನ್ ಅವರು ಅಗ್ರಗಣ್ಯರು.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್ ಅವರು 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ತೆರಳಿದರು. ಕಚೇರಿಯ ಹೊತ್ತಿನ ಆಚೆಗೆ ಪ್ರಯೋಗಾಲಯವೇ ಅವರ ಕಾಯಕಕ್ಷೇತ್ರವಾಯಿತು. 1928ರಲ್ಲಿ ಶಿಷ್ಯ ಕೆ.ಎಸ್. ಕೃಷ್ಣನ್ ಅವರ ಸಹಯೋಗದಿಂದ ಕಂಡುಕೊಂಡ ಬೆಳಕಿನ ಚದುರುವಿಕೆಯ ತತ್ತ್ವಕ್ಕೆ 1930ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾದರು. ಆಡಳಿತದಲ್ಲಿ ವಿರಸ ಬೆಳೆದು 1937ರಲ್ಲಿ ಆ ಪದವಿಯನ್ನು ತ್ಯಜಿಸಬೇಕಾಯಿತು. ಆದರೂ ಸಂಸ್ಥೆಯನ್ನು ತೊರೆಯದೆ 1948ರವರೆಗೆ ಪ್ರಾಧ್ಯಾಪಕರಾಗಿಯೇ ಉಳಿದು ತರುಣರನ್ನು ತಿದ್ದಿದರು. ಜಿ.ಎನ್. ರಾಮಚಂದ್ರನ್, ವಿಕ್ರಮ್ ಸಾರಾಭಾಯಿ ಅವರಂಥವರು ಆ ಗರಡಿಯಲ್ಲಿ ಪಳಗಿದವರೇ.

ತರಂಗದ ಏರಿಳಿತದ ಸ್ಥಿತಿಯನ್ನು ಹಂತವೆನ್ನುತ್ತಾರೆ. ಕಣ್ಣಿಗೂ ಛಾಯಾಚಿತ್ರಕ್ಕೂ ದಕ್ಕುವುದು ಬೆಳಕಿನ ತೀವ್ರತೆ ಮಾತ್ರ, ಹಂತ ಕಳೆದುಹೋಗುತ್ತದೆ. ಶಬ್ದ ಹಾಯುವ ದ್ರವದಲ್ಲಿ ಬೆಳಕಿನ ಹಂತವೇ ಸುಕ್ಕುಗಟ್ಟಿ ಕಿರಣ ಹಲವಾಗಿ ಒಡೆಯುವುದನ್ನು 1935-36ರಲ್ಲಿ ರಾಮನ್ ಮತ್ತು ಅವರ ಶಿಷ್ಯ ನಾಗೇಂದ್ರನಾಥ್ ವಿವರಿಸಿದರು. 1948ರಲ್ಲಿ ಡೆನ್ನಿಸ್ ಗೇಬರ್ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಉತ್ತಮಗೊಳಿಸಲೆಂದು, ಕಳೆದುಹೋಗುವ ಹಂತವನ್ನು ಎರಡು ತರಂಗಗಳ ಮಿಲನದಿಂದ ಹಿಡಿದಿಡುವ ಹಾಲೋಗ್ರಫಿಯನ್ನು ಪ್ರಕಟಿಸಿದರು. 1956ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ 22ರ ತರುಣ, ರಾಮನ್ ಅವರ ಸೋದರಳಿಯ ಪಂಚರತ್ನಂ ಅವರು ಧ್ರುವೀಕೃತ ಬೆಳಕಿನಲ್ಲಿ ಹೊಸದೊಂದು ಹಂತವನ್ನು ಕಂಡರು. 1969ರಲ್ಲಿ ಅವರು ಅಕಾಲಿಕವಾಗಿ ತೀರಿಕೊಂಡರು; ಅದರ ಪೂರ್ಣ ಮಹತ್ತ್ವ ಜಗತ್ತಿಗೆ ತಿಳಿದುದು 1980ರ ದಶಕದಲ್ಲಿ.

ಗುರುವಿನಲ್ಲಿಯೂ ಕೊರತೆಯಿತ್ತು. 1933ರಲ್ಲಿ ಕಮಲಾ ಭಾಗವತ್ ಅವರಿಗೆ ಹೆಣ್ಣೆಂಬ ಕಾರಣದಿಂದ ಪ್ರವೇಶ ನಿರಾಕರಿಸಿದ ರಾಮನ್, ಆಕೆಯ ಹಠಕ್ಕೆ ಮಣಿದು ಒಂದು ವರ್ಷದ ಪರೀಕ್ಷಾರ್ಥ ಅವಕಾಶ ನೀಡಿದರು. ಆಕೆಯ ದುಡಿಮೆ ಕಂಡು ಮನಸ್ಸು ಬದಲಾಯಿತು. 1940ರಲ್ಲಿ ಅಣ್ಣಾ ಮಣಿ ಅವರು ರಾಮನ್‌ರ ಪ್ರಯೋಗಾಲಯವನ್ನೇ ಸೇರಿದರು. ಶಿಷ್ಯೆಯಿಂದ ಗುರುವೂ ಕಲಿತನೆಂಬುದು ಈ ಜೀವನದ ದೊಡ್ಡ ಪಾಠ.

1970ರ ನವೆಂಬರ್ 21ರಂದು ರಾಮನ್ ಬೆಂಗಳೂರಿನಲ್ಲಿ ದೇಹವಿಟ್ಟರು. ಅವರ ಮಹಾಶೋಧ ಆರಂಭವಾದುದು ಸೂರ್ಯನ ಬೆಳಕು ಮತ್ತು ಬಣ್ಣದ ಗಾಜುಗಳಿಂದ. ಜವಳಗೇರಾದ ಬಿಸಿಲಿಗೇನೂ ಕೊರತೆಯಿಲ್ಲ. ಗಾಜಿನ ಪಟ್ಟಕವೊಂದನ್ನು ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ, ಕೈಗಿಡುವ ಶಿಕ್ಷಕರೂ ಅದಕ್ಕೆ ನೆರವಾಗುವ ದಾಸೋಹಿಗಳೂ ಆ ಪರಂಪರೆಯನ್ನೇ ಮುಂದುವರಿಸುವವರು.